ಮನವಿಯೂ ಲಾಬಿಯೂ: ಅಮೆರಿಕದ ಗುತ್ತಿಗೆದಾರರ ಸಂಘದಿಂದ ನಾವು ಕಲಿಯಬಹುದಾದುದು

‘ಲಾಬಿ’ ಎಂಬ ಪದವನ್ನು ನಮ್ಮ ಮಕ್ಕಳು ಪತ್ರಿಕೆಗಳಲ್ಲಿ ಓದುವುದು ಹೆಚ್ಚಾಗಿ ಸಚಿವ ಸ್ಥಾನದ ಸುದ್ದಿಗಳಲ್ಲಿ. ‘ಮಂತ್ರಿಗಿರಿಗಾಗಿ ದೆಹಲಿಯಲ್ಲಿ ಲಾಬಿ’ ಎಂದೊಡನೆ ಅದೊಂದು ಗುಟ್ಟಿನ ವ್ಯವಹಾರವೆಂಬ ಭಾವನೆ ಮೂಡುತ್ತದೆ. ಆದರೆ ‘ನಮ್ಮ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರನ್ನೇ ನೇಮಿಸಿರಿ’ ಎಂದು ಸಹಿ ಸಂಗ್ರಹಿಸಿ ಸರ್ಕಾರಿ ಕಚೇರಿಗಳ ಮೆಟ್ಟಿಲು ಹತ್ತುವ ನಾವು ಮಾಡುವುದೂ ಅದರ ಒಂದು ರೂಪವೇ. ಈ ಕೆಲಸವನ್ನು ವೃತ್ತಿಯಾಗಿ ಬೆಳೆಸಿ, ಅದಕ್ಕೆ ಕಾನೂನಿನ ಲೆಕ್ಕಪತ್ರವನ್ನೂ ವಿಧಿಸಿರುವ ದೇಶ ಅಮೆರಿಕ. ಅಲ್ಲಿನ ಕಟ್ಟಡ ಗುತ್ತಿಗೆದಾರರ ಸಂಘವೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು ಅದರ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಸಂಘ ಮತ್ತು ಅದರ ದಾರಿಗಳು

‘ಅಸೋಸಿಯೇಟೆಡ್ ಜನರಲ್ ಕಂಟ್ರಾಕ್ಟರ್ಸ್ ಆಫ್ ಅಮೆರಿಕ’ ಎಂಬ ಸಂಘ ಹುಟ್ಟಿದ್ದು 1918ರಲ್ಲಿ. 25 ಸಾವಿರಕ್ಕೂ ಮಿಕ್ಕ ಸಂಸ್ಥೆಗಳು ಅದರ ಸದಸ್ಯರು. ಹೆದ್ದಾರಿ, ಸೇತುವೆ, ಸರ್ಕಾರಿ ಕಟ್ಟಡಗಳ ಗುತ್ತಿಗೆ ಹಿಡಿಯುವವರಿಗೆ ಕೇಂದ್ರ ಸರ್ಕಾರವೇ ದೊಡ್ಡ ಗಿರಾಕಿಯಾದುದರಿಂದ ಕೇಂದ್ರದ ಪ್ರತಿಯೊಂದು ನಿಯಮವೂ ಅವರ ಲಾಭನಷ್ಟಕ್ಕೆ ಸಂಬಂಧಿಸಿದ್ದು.

ಸಂಘದ ಮುಂದೆ ನಾಲ್ಕು ದಾರಿಗಳಿವೆ. ಸಂಸದರನ್ನು ಕಂಡು ಮಸೂದೆಯ ವಿಷಯದಲ್ಲಿ ವಾದ ಮಂಡಿಸುವುದು ಒಂದು. ಇಲಾಖೆಯು ಕರಡು ನಿಯಮ ಪ್ರಕಟಿಸಿದಾಗ ಲಿಖಿತ ಆಕ್ಷೇಪ ಸಲ್ಲಿಸುವುದು ಎರಡು. ಸದಸ್ಯರು ಸ್ವಇಚ್ಛೆಯಿಂದ ಕೊಟ್ಟ ಹಣವನ್ನು ಪ್ರತ್ಯೇಕ ನಿಧಿಯಲ್ಲಿಟ್ಟು, ಕಾನೂನಿನ ಮಿತಿಯೊಳಗೆ ಅಭ್ಯರ್ಥಿಗಳಿಗೆ ದೇಣಿಗೆ ನೀಡುವುದು ಮೂರು. ಇವು ಯಾವುವೂ ಫಲಿಸದಿದ್ದರೆ ನ್ಯಾಯಾಲಯದ ಮೊರೆ ಹೋಗುವುದು ನಾಲ್ಕನೆಯದು.

ಒಂದು ಪದದ ಮೇಲೆ ನಿಂತ ಕೂಲಿ

1931ರ ಡೇವಿಸ್–ಬೇಕನ್ ಕಾನೂನು ಅಲ್ಲಿನ ಕಟ್ಟಡ ಕಾರ್ಮಿಕರ ದೊಡ್ಡ ಆಸರೆ. ಸರ್ಕಾರಿ ಕಾಮಗಾರಿ ಹಿಡಿದ ಗುತ್ತಿಗೆದಾರನು ಹೊರಗಿನಿಂದ ಅಗ್ಗದ ಆಳುಗಳನ್ನು ತಂದು ಸ್ಥಳೀಯರ ಕೂಲಿಯನ್ನು ಕುಗ್ಗಿಸಬಾರದೆಂಬುದು ಅದರ ಆಶಯ. 2,000 ಡಾಲರ್ ಮೀರಿದ ಕೇಂದ್ರ ಸರ್ಕಾರಿ ಕಾಮಗಾರಿಗಳಲ್ಲಿ ಆ ಪ್ರದೇಶದ ‘ರೂಢಿಯ ಕೂಲಿ’ಯನ್ನಾದರೂ ಕೊಡಲೇಬೇಕು.

ರೂಢಿಯ ಕೂಲಿ ಎಂದರೇನು? ಜಗಳವಿರುವುದು ಅಲ್ಲಿಯೇ. ಲೆಕ್ಕವೊಂದನ್ನು ಕಲ್ಪಿಸಿಕೊಳ್ಳೋಣ. ಒಂದು ಜಿಲ್ಲೆಯಲ್ಲಿ 100 ಗಾರೆ ಕೆಲಸದವರಿದ್ದಾರೆ. 35 ಮಂದಿಗೆ ಗಂಟೆಗೆ ಸರಿಯಾಗಿ 40 ಡಾಲರ್. ಉಳಿದ 65 ಮಂದಿಗೆ ಬೇರೆಬೇರೆ ಕೂಲಿ, ಸರಾಸರಿ 28 ಡಾಲರ್. ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದೇ ಕೂಲಿ ಇಲ್ಲದಿದ್ದರೆ ಎಲ್ಲರ ಸರಾಸರಿಯೇ ರೂಢಿಯ ಕೂಲಿ ಎಂಬ ನಿಯಮವನ್ನು ಹಿಡಿದರೆ ಉತ್ತರ 32 ಡಾಲರ್ 20 ಸೆಂಟ್. ಶೇ 30ರಷ್ಟು ಜನರಿಗೆ ಒಂದೇ ಕೂಲಿ ಇದ್ದರೆ ಅದೇ ಸಾಕು ಎಂಬ ನಿಯಮವನ್ನು ಹಿಡಿದರೆ ಉತ್ತರ 40 ಡಾಲರ್. ಕೂಲಿಯವರೂ ಅವರೇ, ಕೆಲಸವೂ ಅದೇ. ಬದಲಾದುದು ವ್ಯಾಖ್ಯೆ ಮಾತ್ರ.

ರೇಗನ್ ಆಡಳಿತದ ಕಾಲದಲ್ಲಿ ಕೈಬಿಟ್ಟಿದ್ದ ಈ ಶೇ 30ರ ನಿಯಮವನ್ನು ಬೈಡನ್ ಆಡಳಿತವು 2023ರಲ್ಲಿ ಮರಳಿ ತಂದಿತು. ಅದೇ ತಿದ್ದುಪಡಿಯಲ್ಲಿ ಕಾನೂನಿನ ವ್ಯಾಪ್ತಿಯನ್ನು ಕೆಲವು ಸಾಮಗ್ರಿ ಪೂರೈಕೆದಾರರಿಗೂ ಸರಕು ಸಾಗಿಸುವ ಚಾಲಕರಿಗೂ ವಿಸ್ತರಿಸಿತು. ಈ ವಿಸ್ತರಣೆಗೆ ಕಾನೂನಿನ ಆಧಾರವಿಲ್ಲವೆಂದು ಗುತ್ತಿಗೆದಾರರ ಸಂಘವು ಟೆಕ್ಸಾಸಿನ ಕೇಂದ್ರ ನ್ಯಾಯಾಲಯದಲ್ಲಿ ದಾವೆ ಹೂಡಿತು. 2024ರ ಜೂನ್‌ನಲ್ಲಿ ನ್ಯಾಯಾಲಯವು ಆ ಭಾಗಗಳಿಗೆ ತಾತ್ಕಾಲಿಕ ತಡೆ ನೀಡಿತು. ಸಂಘವು ಇಡೀ ಕಾನೂನನ್ನು ಕೆಡವಲು ಹೊರಡದೆ, ತನಗೆ ಒಗ್ಗದ ಕೆಲವೇ ಸಾಲುಗಳನ್ನು ಗುರುತಿಸಿ ಪ್ರಶ್ನಿಸಿತೆಂಬುದನ್ನು ಗಮನಿಸಬೇಕು.

ಎದುರು ಪಕ್ಷವೂ ಸುಮ್ಮನೆ ಕುಳಿತಿಲ್ಲ. ಕಟ್ಟಡ ಕಾರ್ಮಿಕರ ಒಕ್ಕೂಟಗಳೂ ವಾಷಿಂಗ್ಟನ್ನಿನಲ್ಲಿ ತಮ್ಮ ಲಾಬಿಗಾರರನ್ನು ಇಟ್ಟಿವೆ. ಸುಮಾರು 1.2 ಲಕ್ಷ ಕೋಟಿ ಡಾಲರ್ ಮೊತ್ತದ 2021ರ ಮೂಲಸೌಕರ್ಯ ಕಾನೂನಿಗೆ ಧಣಿಗಳ ಸಂಘವೂ ಕಾರ್ಮಿಕರ ಒಕ್ಕೂಟಗಳೂ ಒಟ್ಟಿಗೇ ಬೆಂಬಲ ನೀಡಿದ್ದವು. ಕೂಲಿಯ ವಿಷಯದಲ್ಲಿ ಎದುರಾಳಿಗಳಾದವರು ಕಾಮಗಾರಿಗೆ ಹಣ ತರುವ ವಿಷಯದಲ್ಲಿ ಜೊತೆಗಾರರಾದರು.

ಲೆಕ್ಕಪತ್ರದ ಕಾನೂನು

ಸರ್ಕಾರಕ್ಕೆ ಅಹವಾಲು ಸಲ್ಲಿಸುವುದು ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯೇ ಕೊಟ್ಟ ಹಕ್ಕು. ಆದುದರಿಂದ ಲಾಬಿಯನ್ನು ನಿಷೇಧಿಸುವಂತಿಲ್ಲ, ಬಯಲಿಗೆ ತರಬಹುದಷ್ಟೆ. 1995ರ ಲಾಬಿ ಬಹಿರಂಗ ಕಾನೂನು ಮಾಡಿದ್ದು ಅದನ್ನೇ. 2007ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು. ಯಾವ ವಿಷಯ, ಯಾವ ಮಸೂದೆ, ಯಾವ ಸದನ ಅಥವಾ ಇಲಾಖೆ, ಎಷ್ಟು ಖರ್ಚು ಎಂಬುದೆಲ್ಲ ಅದರಲ್ಲಿರಬೇಕು. ಅದನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ತೆರೆದು ಓದಬಹುದು. ಉದ್ದೇಶಪೂರ್ವಕವಾಗಿ ತಪ್ಪಿದವರಿಗೆ 2 ಲಕ್ಷ ಡಾಲರ್‌ವರೆಗೆ ದಂಡ ಬೀಳಬಹುದು. ಆದರೆ ಯಾವ ಸಂಸದರನ್ನು ಕಂಡರು, ಏನು ಮಾತನಾಡಿದರು ಎಂಬುದನ್ನು ಬರೆಯಬೇಕಾಗಿಲ್ಲ. ಈ ಕಾನೂನಿನ ದೊಡ್ಡ ಕಂಡಿ ಅದೇ.

ಭಾರತದಲ್ಲಿ ಇಂತಹ ಕಾನೂನು ಇಲ್ಲ. ವಾಲ್‌ಮಾರ್ಟ್ ಕಂಪನಿಯು ಭಾರತದ ಮಾರುಕಟ್ಟೆ ಪ್ರವೇಶಿಸಲು ಲಾಬಿ ನಡೆಸಿದ ಸಂಗತಿ 2012ರಲ್ಲಿ ನಮ್ಮ ಸಂಸತ್ತಿನಲ್ಲಿ ಕೋಲಾಹಲ ಎಬ್ಬಿಸಿತು. ಅದು ಬೆಳಕಿಗೆ ಬಂದುದು ಆ ಕಂಪನಿಯು ಅಮೆರಿಕದ ಸೆನೆಟ್ಟಿಗೆ ಸಲ್ಲಿಸಿದ್ದ ವರದಿಯಿಂದ.

ನಮಗೆ ಇದರಿಂದೇನು?

ಗುತ್ತಿಗೆದಾರರಿಗಿರುವಷ್ಟು ಹಣ ನಮ್ಮಲ್ಲಿಲ್ಲ. ಆದರೆ ಹಕ್ಕಿದೆ. ಒಕ್ಕೂಟದಲ್ಲಾಗಲಿ ಆಯಾ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸಬಹುದೆಂದು ನಮ್ಮ ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುವುದು 350ಎ. ನಮ್ಮ ರಕ್ಷಣೆಯ ವಿಷಯಗಳನ್ನು ಪರಿಶೀಲಿಸಲು ವಿಶೇಷ ಅಧಿಕಾರಿ ಇರಬೇಕೆನ್ನುವುದು 350ಬಿ.

ಹಕ್ಕಿದ್ದರೂ ನಾವು ಸೋಲುವುದು ಎಲ್ಲಿ? ಹಿಂದೊಮ್ಮೆ ಶಿಕ್ಷಕರ ಕೊರತೆಯ ಬಗ್ಗೆ ನೂರಾರು ಪೋಷಕರ ಸಹಿಯೊಡನೆ ಕಚೇರಿಯೊಂದಕ್ಕೆ ಮನವಿ ಕೊಟ್ಟು ಬಂದೆವು. ಆರು ತಿಂಗಳ ಬಳಿಕ ವಿಚಾರಿಸಿದಾಗ ಅಂತಹ ಪತ್ರ ಬಂದೇ ಇಲ್ಲವೆಂದರು. ಸ್ವೀಕೃತಿ ಪಡೆಯದ ತಪ್ಪು ನಮ್ಮದೇ ಆಗಿತ್ತು. ಆ ಮನವಿಯಲ್ಲಿ ‘ಕನ್ನಡ ಶಾಲೆಯನ್ನು ಉಳಿಸಿರಿ’ ಎಂದಿತ್ತೇ ಹೊರತು ಯಾವ ಆದೇಶದ ಯಾವ ಸಾಲು ಬದಲಾಗಬೇಕೆಂಬುದು ಇರಲಿಲ್ಲ.

ನಮ್ಮ ಶಾಲೆಗಳ ಅಳಿವು ಉಳಿವು ಕೂಡ ಎಷ್ಟೋ ಬಾರಿ ವ್ಯಾಖ್ಯೆಯ ಮೇಲೆ ನಿಂತಿರುತ್ತದೆ. ಹುದ್ದೆಗೆ ಎಷ್ಟು ಮಕ್ಕಳು ಬೇಕು, ಅವರನ್ನು ಎಣಿಸುವ ದಿನ ಯಾವುದು, ‘ಕನ್ನಡ ಬಲ್ಲವರು’ ಎಂದರೆ ಯಾರು ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರವೇ ಒಂದು ತರಗತಿಯನ್ನು ಉಳಿಸಬಹುದು ಅಥವಾ ಮುಚ್ಚಿಸಬಹುದು. ಆದುದರಿಂದ ಮುಂದಿನ ಪೋಷಕರ ಸಭೆಗೆ ಬರುವಾಗ ನಿಮ್ಮ ಶಾಲೆಗೆ ಸಂಬಂಧಿಸಿದ ಆದೇಶದ ಪ್ರತಿಯನ್ನು ತನ್ನಿರಿ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾನೂನಿನಡಿ ಕೇಳಿರಿ. ಬದಲಾಗಬೇಕಾದ ಸಾಲಿನ ಕೆಳಗೆ ಗೆರೆ ಎಳೆಯೋಣ. ತರಗತಿವಾರು ಮಕ್ಕಳ ಸಂಖ್ಯೆಯನ್ನು ಜೊತೆಗಿಡೋಣ. ಮನವಿಯನ್ನು ಕನ್ನಡದಲ್ಲಿಯೇ ಬರೆದು, ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿಯನ್ನು ಪಡೆದೇ ಮನೆಗೆ ಮರಳೋಣ.