ಪ್ರತಿನಿಧಿಗಳು ಒಪ್ಪಿಸುವ ಲೆಕ್ಕ

1881ನೆಯ ಇಸವಿ ಅಕ್ಟೋಬರ್ ತಿಂಗಳ 7ನೆಯ ತಾರೀಖಿನ ದಿನ ಮೈಸೂರು ನಗರದಲ್ಲಿ ಒಂದು ಹೊಸ ಬಗೆಯ ಸಭೆ ಸೇರಿತು. ಐವತ್ತು ವರ್ಷಗಳ ಕಾಲ ಆಂಗ್ಲ ಕಮಿಷನರುಗಳ ಆಡಳಿತದಲ್ಲಿದ್ದ ಸಂಸ್ಥಾನವು ಆ ವರ್ಷದ ಮಾರ್ಚಿ ತಿಂಗಳಲ್ಲಿ ತಾನೆ ಚಾಮರಾಜೇಂದ್ರ ಒಡೆಯರವರ ಕೈಗೆ ಹಿಂದಿರುಗಿ ಬಂದಿದ್ದಿತು. ದಿವಾನ್ ರಂಗಾಚಾರ್ಲು ಅವರು ತಾಲ್ಲೂಕುಗಳಿಂದ ರೈತರನ್ನೂ ವರ್ತಕರನ್ನೂ ಬರಮಾಡಿಕೊಂಡು, ಸರ್ಕಾರಕ್ಕೆ ಬಂದ ಹಣವೆಷ್ಟು, ವೆಚ್ಚವಾದುದೆಷ್ಟು, ಮುಂದೆ ಮಾಡಬೇಕೆಂದಿರುವ ಕೆಲಸಗಳಾವುವು ಎಂಬುದನ್ನು ಅವರ ಮುಂದೆ ತಿಳಿಯಹೇಳಿದರು. ಬಂದಿದ್ದ ಸದಸ್ಯರು 144 ಮಂದಿ. ರೈಲುಗಾಡಿಯು ಮೈಸೂರನ್ನು ಮುಟ್ಟಿದುದು ಮರುವರ್ಷ. ಆದಕಾರಣ ಅವರಲ್ಲಿ ಬಹುಮಂದಿ ಎತ್ತಿನ ಗಾಡಿಯಲ್ಲಿಯೋ ಕುದುರೆಯ ಮೇಲೆಯೋ ಬಂದವರೇ ಆಗಿರಬೇಕು. ಸಭೆ ಮುಗಿದು ಅವರು ಊರಿಗೆ ಹಿಂದಿರುಗಿದಾಗ, ಅರಳಿಕಟ್ಟೆಯ ಮೇಲೆ ಕುಳಿತವರು "ದಿವಾನರು ಏನೆಂದರು ಸ್ವಾಮಿ?" ಎಂದು ಕೇಳದೆ ಬಿಟ್ಟಿರಲಾರರು.

ಆ ಪ್ರಜಾಪ್ರತಿನಿಧಿ ಸಭೆಗೆ ಮೊದಲಲ್ಲಿ ಅಧಿಕಾರವೆಂಬುದೇ ಇರಲಿಲ್ಲ. ಕೇಳುವುದು, ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆಮಾಡಿಕೊಳ್ಳುವುದು, ಇಷ್ಟೇ ಸದಸ್ಯರ ಕೆಲಸ. ಚುನಾವಣೆಯ ಪದ್ಧತಿಯು ಬಂದುದು 1891ರಲ್ಲಿ. ಆಗಲೂ ಮತ ಕೊಡುವ ಹಕ್ಕು ಆಸ್ತಿವಂತರಿಗೆ ಮಾತ್ರ. 1923ರ ಶಾಸನದಿಂದ ಸಭೆಗೆ ಭದ್ರವಾದ ಆಧಾರವೊದಗಿತು. ಹೊಸ ಕರವನ್ನು ಹಾಕುವುದಕ್ಕೆ ಮೊದಲು ಸಭೆಯ ಅಭಿಪ್ರಾಯವನ್ನು ಕೇಳತಕ್ಕದ್ದೆಂಬ ನಿಯಮವಾಯಿತು. ಸ್ತ್ರೀಯರಿಗಿದ್ದ ಅಡ್ಡಿಯೂ ತೊಲಗಿತು. 1949ರಲ್ಲಿ ಸಭೆಯು ಕೊನೆಗೊಂಡಿತು. ಅಂದು ದಿವಾನರು ಪ್ರಜೆಗಳಿಗೆ ಲೆಕ್ಕವೊಪ್ಪಿಸುತ್ತಿದ್ದರು; ಇಂದು ಲೆಕ್ಕವೊಪ್ಪಿಸಬೇಕಾದವರು ನಾವೇ ಆರಿಸಿ ಕಳುಹಿಸಿದವರು. ಅರಳಿಕಟ್ಟೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಗೃಹಸ್ಥರಿಗೆ ಇಂತಹ ಲೆಕ್ಕಗಳು ಎರಡು ದಿಕ್ಕಿನಿಂದ ಬರುವುವು. ನಾಲ್ಕೂ ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿದುವಾದುದರಿಂದ ದೆಹಲಿಯ ವರದಿ ಎಲ್ಲರಿಗೂ ಒಂದೇ. ಬೆಂಗಳೂರಿನದು ಮಾತ್ರ ಬೇರೆ ಬೇರೆ: ಮೂರು ತಾಲ್ಲೂಕುಗಳಿಗೆ ತಮ್ಮ ತಮ್ಮ ಹೆಸರಿನ ವಿಧಾನಸಭಾ ಕ್ಷೇತ್ರಗಳಿವೆ, ಪಾಂಡವಪುರದವರು 2008ರಿಂದೀಚೆಗೆ ಮೇಲುಕೋಟೆಯ ಹೆಸರಿನಲ್ಲಿ ಮತ ಕೊಡುತ್ತಾರೆ. ಚೆಲುವನಾರಾಯಣನ ಬೆಟ್ಟವೂ ಅದೇ ತಾಲ್ಲೂಕಿನಲ್ಲಿರುವುದರಿಂದ ಯಾರಿಗೂ ಬೇಸರವಾಗಿರಲಾರದು.

ವರದಿಯು ಹೊತ್ತಗೆಯ ರೂಪದಲ್ಲಿ ಬರಲಿ, ಕರಪತ್ರವಾಗಿ ಬರಲಿ, ಕೈಯಲ್ಲಿರುವ ದೂರವಾಣಿಯ ಮೇಲೆ ಬರಲಿ, ಅದರ ಅಚ್ಚು ಒಂದೇ. ಗುದ್ದಲಿ ಪೂಜೆಯ ಚಿತ್ರವೊಂದು, ಹಾರ ತುರಾಯಿಗಳು, ಕೆಳಗೆ ಕೋಟಿಗಳ ಸಾಲು. ಕ್ಷೇತ್ರಕ್ಕೆ ಇಷ್ಟು ನೂರು ಕೋಟಿ ಬಂದಿತೆಂದು ದಪ್ಪಕ್ಷರದಲ್ಲಿ ಬರೆದಿರುವುದು. ನಮ್ಮ ಗೃಹಸ್ಥರಲ್ಲಿ ಕೆಲವರು ಅದನ್ನು ಓದಿ ತಲೆದೂಗುವರು. ಹಲವರು ಓದದೆಯೇ ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕಿಬಿಡುವರು. ಎರಡೂ ತಪ್ಪೆಂದು ನಮಗೆ ತೋರುತ್ತದೆ. ತಿಂಗಳ ಸಾಮಾನಿನ ಚೀಟಿಯನ್ನು ಅಂಗಡಿಯವನು ಕೊಟ್ಟಾಗ ನಮ್ಮ ಗೃಹಿಣಿಯರು ಬರಿಯ ಮೊತ್ತವನ್ನು ನೋಡಿ ಸುಮ್ಮನಾಗುವುದಿಲ್ಲ. ಬೇಳೆಗೆಷ್ಟು, ಬೆಲ್ಲಕ್ಕೆಷ್ಟು ಎಂದು ಬಿಡಿಸಿ ನೋಡುತ್ತಾರೆ. ಈ ಚೀಟಿಯನ್ನೂ ಹಾಗೆಯೇ ಬಿಡಿಸಬೇಕು.

ಮೊದಲು ಪ್ರತಿನಿಧಿಯ ಮಾತಿಗೇ ಬಿಟ್ಟಿರುವ ಹಣವನ್ನು ನೋಡೋಣ. 1993ರ ಡಿಸೆಂಬರಿನಲ್ಲಿ ಸಂಸತ್ಸದಸ್ಯರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯು ಆರಂಭವಾಯಿತು. ಮೊದಲ ವರ್ಷ ಒಬ್ಬೊಬ್ಬ ಸದಸ್ಯರಿಗೆ 5 ಲಕ್ಷ ರೂಪಾಯಿ. ಮರುವರ್ಷ 1 ಕೋಟಿ. 1998ರಿಂದ 2 ಕೋಟಿ. 2011ರಿಂದ 5 ಕೋಟಿ. ಕೊರೋನಾ ಪಿಡುಗಿನ ಕಾಲದಲ್ಲಿ 2020ರ ಏಪ್ರಿಲಿನಿಂದ ಮರುವರ್ಷದ ನವೆಂಬರಿನವರೆಗೆ ಇದು ನಿಂತಿದ್ದಿತು. ಸದಸ್ಯರು ಈ ಹಣವನ್ನು ಕೈಯಿಂದ ಮುಟ್ಟುವುದಿಲ್ಲವೆಂಬುದನ್ನು ತಿಳಿದಿರಬೇಕು. ಇಂತಹ ಊರಿಗೆ ಇಂತಹ ಕೆಲಸವಾಗಲಿ ಎಂದು ಅವರು ಶಿಫಾರಸು ಮಾಡುವರು. ಮಂಜೂರು ಮಾಡಿ ಕೆಲಸ ನಡೆಸುವ ಹೊಣೆ ಜಿಲ್ಲಾಧಿಕಾರಿಗಳದು. ಬಾಳಿಕೆ ಬರುವ, ಎಲ್ಲರಿಗೂ ಉಪಯೋಗವಾಗುವ ಕೆಲಸವೇ ಆಗಿರಬೇಕು. ನೂರಕ್ಕೆ 15 ಪಾಲು ಪರಿಶಿಷ್ಟ ಜಾತಿಯವರ ವಾಸಸ್ಥಳಗಳಿಗೂ ಏಳೂವರೆ ಪಾಲು ಪರಿಶಿಷ್ಟ ಪಂಗಡದವರ ವಾಸಸ್ಥಳಗಳಿಗೂ ಮೀಸಲು.

5 ಕೋಟಿಯೆಂದರೆ ದೊಡ್ಡ ಮೊತ್ತವೆಂದು ತೋರುವುದು ಸಹಜ. ಆದರೆ ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಸಮನಾಗಿ ಹಂಚಿದರೆ ಒಂದಕ್ಕೆ ಬರುವುದು 62 ಲಕ್ಷದ 50 ಸಾವಿರ. ಮತದಾರರೋ 17 ಲಕ್ಷಕ್ಕೂ ಮೇಲ್ಪಟ್ಟವರು. ತಲೆಗೆ ವರ್ಷಕ್ಕೆ 30 ರೂಪಾಯಿಯೂ ಬೀಳದು. ಹೋಟೆಲಿನಲ್ಲಿ ಒಂದು ಮಸಾಲೆದೋಸೆಗೂ ಇದು ಸಾಲದು. ಶಾಸಕರಿಗೆ ವರ್ಷಕ್ಕೆ 2 ಕೋಟಿಯ ಇಂತಹುದೇ ನಿಧಿಯುಂಟು; ಅದು ಒಂದೇ ಕ್ಷೇತ್ರದೊಳಗೆ ವೆಚ್ಚವಾಗುವುದರಿಂದ ಹಳ್ಳಿಗೆ ಸ್ವಲ್ಪ ಹೆಚ್ಚಾಗಿ ಕಾಣುವುದು. ಹೀಗಿರಲು, ವರದಿಯಲ್ಲಿ ನೂರಾರು ಕೋಟಿ ಕಂಡುಬಂದರೆ ಅದರ ಬಹುಭಾಗವು ಬೇರೆ ಕಡೆಯಿಂದ ಬಂದುದೆಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲಿಂದ? ಕೆಲವು ಹಣ ಕಾನೂನಿನ ಅಥವಾ ಯೋಜನೆಯ ಬಲದಿಂದ ತಾನಾಗಿಯೇ ಬರತಕ್ಕದ್ದು. 2019ರಿಂದ ಕೇಂದ್ರ ಸರ್ಕಾರವು ಅರ್ಹ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕಿಗೆ ಕಳುಹಿಸುತ್ತಿರುವುದು. ಕೃಷ್ಣರಾಜಪೇಟೆಯ ರೈತನಿಗೂ ಕಾಶಿಯ ರೈತನಿಗೂ ಅದು ಒಂದೇ. ಯಾವ ಸದಸ್ಯರೂ ತಮ್ಮ ಕ್ಷೇತ್ರಕ್ಕೆಂದು ಒಂದು ರೂಪಾಯಿ ಹೆಚ್ಚಾಗಿ ತರಲಾರರು. ಇಂತಹ ಮೊತ್ತಗಳನ್ನೆಲ್ಲ ಕೂಡಿಸಿ ಸಾಧನೆಯ ಪಟ್ಟಿಗೆ ಸೇರಿಸುವುದು, ಮಳೆ ಬಂದುದನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡಂತೆ. ಅರ್ಹನಾಗಿದ್ದೂ ಕಂತು ಬಾರದೆ ತಾಲ್ಲೂಕು ಕಚೇರಿಗೆ ಅಲೆಯುತ್ತಿರುವವನ ತೊಡಕನ್ನು ಬಿಡಿಸಿದ್ದರೆ, ಅದನ್ನು ಬರೆಯಲಿ; ನಾವು ಸಂತೋಷದಿಂದ ಓದುವೆವು.

ಇನ್ನು ದೊಡ್ಡ ಕೆಲಸಗಳು. ಇವುಗಳ ಆಯುಸ್ಸು ಪ್ರತಿನಿಧಿಗಳ ಅವಧಿಗಿಂತ ಉದ್ದವಾದುದು. ಬೆಂಗಳೂರು ಮೈಸೂರುಗಳ ನಡುವೆ ಜೋಡಿ ರೈಲುದಾರಿಯನ್ನು ಹಾಕುತ್ತ ಬಂದಾಗ ಶ್ರೀರಂಗಪಟ್ಟಣದಲ್ಲಿ ಕೆಲಸ ನಿಂತುಹೋಯಿತು. ನಿಲ್ದಾಣದ ಬಳಿ ದಾರಿಗೆ ಅಡ್ಡವಾಗಿ ಟಿಪ್ಪುವಿನ ಕಾಲದ ಮದ್ದಿನ ಮನೆಯಿದ್ದಿತು. ಕೆಡಹುವಂತಿಲ್ಲ, ಬಿಟ್ಟರೆ ದಾರಿಯಿಲ್ಲ. ಕೊನೆಗೆ 2017ರಲ್ಲಿ ಆ ಇಟ್ಟಿಗೆಯ ಕಟ್ಟಡವನ್ನು ಬುಡಸಹಿತ ಎತ್ತಿ, ಜಾಕಿಗಳ ಮೇಲೆ ನೂರು ಮೀಟರಿಗೂ ಮಿಕ್ಕಿದ ದೂರಕ್ಕೆ ಅಂಗುಲ ಅಂಗುಲವಾಗಿ ಸರಿಸಿ ನಿಲ್ಲಿಸಿದರು. ನಮ್ಮ ಸೀಮೆಯವರು ನೋಡಿದ ಅಪೂರ್ವ ಕೆಲಸಗಳಲ್ಲಿ ಅದೊಂದು. 2009ರಿಂದ 2019ರವರೆಗಿನ ಹತ್ತು ವರ್ಷಗಳಲ್ಲಿ, ಎರಡು ಉಪಚುನಾವಣೆಗಳೂ ನಡೆದುದರಿಂದ, ಮಂಡ್ಯದಿಂದ ನಾಲ್ವರು ಲೋಕಸಭೆಗೆ ಹೋದರು. ಆ ದಾರಿ ಯಾರ ಸಾಧನೆ? ನಾಲ್ವರೂ ಬರೆದುಕೊಳ್ಳಬಹುದು, ಒಬ್ಬರೂ ತಮ್ಮದೊಂದೇ ಎನ್ನುವಂತಿಲ್ಲ.

ಹೆದ್ದಾರಿಯ ಸಂಗತಿಯೂ ಇಂತಹುದೇ. 119 ಕಿಲೋಮೀಟರಿನ ಬೆಂಗಳೂರು ಮೈಸೂರು ದಾರಿಯನ್ನು ಪ್ರಧಾನಮಂತ್ರಿಗಳು 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿಯೇ ಉದ್ಘಾಟಿಸಿದರು. ದೂರದ ಪ್ರಯಾಣಿಕರಿಗೆ ಅದರಿಂದಾದ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ನಡುದಾರಿಯಲ್ಲಿ ಪ್ರವೇಶವಿಲ್ಲದಾಯಿತು. ವೇಗದ ವಾಹನಗಳ ನಡುವೆ ಪ್ರಾಣಹಾನಿಯಾಗುತ್ತಿದ್ದುದರಿಂದ ಆ ನಿಯಮಕ್ಕೆ ಕಾರಣವುಂಟು. ಆದರೂ ಕಬ್ಬಿನ ಟ್ರ್ಯಾಕ್ಟರಿನವನಿಗೆ ಬೇಕಾದುದು ಪಕ್ಕದ ರಸ್ತೆಯ ಸ್ಥಿತಿ. ವರದಿಯಲ್ಲಿ ಅವನು ಹುಡುಕುವುದು ಅದನ್ನು, ಅವನಿಗೆ ಸಿಕ್ಕುವುದು ಹೆದ್ದಾರಿಯ ಬಣ್ಣದ ಚಿತ್ರ.

ಕಬ್ಬಿನ ಮಾತು ಬಂದುದರಿಂದ ಬೆಲೆಯ ವಿಚಾರವನ್ನೂ ಹೇಳಬೇಕು. ಕೇಂದ್ರ ಸರ್ಕಾರವು ಪ್ರತಿವರ್ಷ ಕಬ್ಬಿಗೆ ನ್ಯಾಯವಾದ ಬೆಲೆಯೊಂದನ್ನು ಗೊತ್ತುಮಾಡುವುದು. 2025-26ರ ಹಂಗಾಮಿಗೆ ಕ್ವಿಂಟಾಲಿಗೆ 355 ರೂಪಾಯಿ ಎಂದು ಪ್ರಕಟವಾಯಿತು. ವರದಿಗಳಲ್ಲಿ ಅಚ್ಚಾಗುವುದು ಈ ಅಂಕಿ. ಆದರೆ ಅದು ನೂರಕ್ಕೆ 10.25 ಪಾಲು ಸಕ್ಕರೆಯ ಇಳುವರಿ ಬಂದ ಕಬ್ಬಿಗೆ, ಇಳುವರಿ 9.5ಕ್ಕಿಂತ ಕೆಳಗಾದರೆ 329 ರೂಪಾಯಿ 5 ಪೈಸೆ. ಅದೂ ಕಾರ್ಖಾನೆಯ ಬಾಗಿಲಿನ ಬೆಲೆ. ಕಡಿಸುವ ಕೂಲಿ, ಸಾಗಿಸುವ ಬಾಡಿಗೆ ಅದರೊಳಗೇ ಕಳೆಯಬೇಕು. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡತಕ್ಕದ್ದು, ತಡವಾದರೆ ಬಡ್ಡಿ ಸೇರಿಸತಕ್ಕದ್ದು ಎಂದು 1966ರ ಕಬ್ಬು ನಿಯಂತ್ರಣಾಜ್ಞೆಯಲ್ಲಿಯೇ ಇದೆ. ಮಗಳ ಮದುವೆಯನ್ನು ಕಬ್ಬಿನ ಹಣದ ಮೇಲೆ ಗೊತ್ತುಮಾಡಿಕೊಂಡಿರುವ ಮನೆಗೆ 355 ಎಂಬ ಅಂಕಿಗಿಂತ ಆ 14 ದಿನಗಳ ಮಾತು ದೊಡ್ಡದು. ತಮ್ಮ ಕ್ಷೇತ್ರದಲ್ಲಿ ಆ ಗಡುವು ನಡೆಯಿತೇ ಇಲ್ಲವೇ ಎಂದು ಒಂದು ಸಾಲು ಬರೆಯುವ ಪ್ರತಿನಿಧಿಗೆ ನಾವು ಹತ್ತು ಚಿತ್ರಗಳನ್ನು ಮನ್ನಿಸಬಹುದು.

ಎಲ್ಲಕ್ಕಿಂತ ಮೇಲೆ ನೀರು. ಕನ್ನಂಬಾಡಿಯ ಕಟ್ಟೆ ಆರಂಭವಾದುದು 1911ರಲ್ಲಿ. ಇಂದು ವಿಶ್ವೇಶ್ವರಯ್ಯ ನಾಲೆ ಎನ್ನುವ ಆಗಿನ ಇರ್ವಿನ್ ನಾಲೆಯಲ್ಲಿ ನೀರು ಹರಿಯತೊಡಗಿದಾಗ, ವೆಚ್ಚದ ಭಾಗವಾಗಿ ಸರ್ಕಾರವು ಜಮೀನುದಾರರಿಂದ ವಂತಿಗೆ ಕೇಳಿತು. 1930ರ ದಶಕದ ಮೊದಲಲ್ಲಿ ಮಂಡ್ಯ ಸೀಮೆಯ ರೈತರು ಅದನ್ನು ಪ್ರತಿಭಟಿಸಿ ಎದ್ದರು. ನೀರು ಬಂದಿತೆಂದು ಉಬ್ಬದೆ, ಅದಕ್ಕೆ ತೆರಬೇಕಾದ ಬೆಲೆಯೇನು ಎಂದು ಕೇಳುವ ಬುದ್ಧಿ ಈ ನೆಲಕ್ಕೆ ಹೊಸದಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳು ಕಾವೇರಿಯ ನಾಲೆಗಳಿಗೆ ಹತ್ತಿರ. ಕೃಷ್ಣರಾಜಪೇಟೆ, ನಾಗಮಂಗಲಗಳ ಎತ್ತರದ ನೆಲ ಬಹುಮಟ್ಟಿಗೆ ಮಳೆಯನ್ನೂ ಕೆರೆಯನ್ನೂ ನಂಬಿದ್ದು, ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಹೇಮಾವತಿಯ ನಾಲೆಗಳ ಕಡೆಗೆ ಕಣ್ಣಿಟ್ಟು ಕಾದಿತು. ನಾಲೆಯ ಕೊನೆಯ ಊರಿನವನಿಗೆ ನೀರು ಬರುವುದು ಎಲ್ಲರ ಗದ್ದೆ ನೆನೆದ ಮೇಲೆ.

ಕಾವೇರಿಯ ಪಾಲು ಗೊತ್ತಾಗುವುದು ಪ್ರತಿನಿಧಿಯ ನಿಧಿಯಿಂದಲ್ಲ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ ನೀರು ದೊರೆಯಿತು. ತಮಿಳುನಾಡಿಗೆ ಬಿಡಬೇಕಾದುದು 177.25 ಟಿಎಂಸಿ. ಅದೇ ವರ್ಷ ನೀರು ನಿರ್ವಹಣೆಯ ಪ್ರಾಧಿಕಾರವೂ ಆಯಿತು. ಮಳೆ ಕಡಮೆಯಾದ ವರ್ಷ ನಾಲೆ ಯಾವಾಗ ತೆರೆಯುವುದು, ಎಷ್ಟು ದಿನ ಹರಿಯುವುದು, ಭತ್ತ ಹಾಕಬಹುದೇ ಎಂಬುದೆಲ್ಲ ಆ ಅಂಕಿಗಳನ್ನು ಹೊಂದಿಕೊಂಡಿವೆ. ರಾಜ್ಯದಲ್ಲಿ ನಾಲೆಗೆ ನೀರು ಬಿಡುವ ವಿಚಾರವನ್ನು ನೀರಾವರಿ ಸಲಹಾ ಸಮಿತಿಯು ಚರ್ಚಿಸುವುದು. ಅಚ್ಚುಕಟ್ಟಿನ ಶಾಸಕರು ಅದರಲ್ಲಿ ಕುಳಿತಿರುವರು. ಅಲ್ಲಿ ನಮ್ಮವರು ಏನೆಂದರು? ದೆಹಲಿಯಲ್ಲಿ ಯಾವ ಪ್ರಶ್ನೆ ಕೇಳಿದರು, ಏನು ಉತ್ತರ ಬಂದಿತು? ವರದಿಯಲ್ಲಿ ಇದಕ್ಕೆ ದೊರೆಯುವ ಸ್ಥಳ ಬಹಳ ಕಡಮೆ. ಬಸ್ಸು ತಂಗುದಾಣದ ಚಿತ್ರ ತೆಗೆಯಬಹುದು, ಸಮಿತಿಯ ಮಾತಿನ ಚಿತ್ರ ತೆಗೆಯಲಾಗದು, ಅದೇ ಕಾರಣವಿರಬಹುದು.

ಮಂಜೂರಾಯಿತು, ಬಿಡುಗಡೆಯಾಯಿತು, ವೆಚ್ಚವಾಯಿತು ಎಂಬ ಮೂರು ಮಾತುಗಳನ್ನೂ ಬೇರೆ ಬೇರೆಯಾಗಿ ಓದಬೇಕು. ಹೆಣ್ಣು ನೋಡಿ ಬಂದುದೂ, ನಿಶ್ಚಿತಾರ್ಥವಾದುದೂ, ಧಾರೆಯಾದುದೂ ಒಂದೇ ಅಲ್ಲವಷ್ಟೆ? ಸಂಶಯ ಬಂದರೆ 2005ರ ಮಾಹಿತಿ ಹಕ್ಕಿನ ಕಾನೂನಿನಂತೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು; 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಅಷ್ಟು ದೂರ ಹೋಗಲಾರದವರಿಗೆ ಇನ್ನೊಂದು ಸಾಧನವಿದೆ. ಸಂಸತ್ಸದಸ್ಯರ ನಿಧಿಯಿಂದಾದ ಕೆಲಸದ ಬಳಿ ಯೋಜನೆಯ ಹೆಸರು, ವೆಚ್ಚ, ಆರಂಭವಾದ ಹಾಗೂ ಮುಗಿದ ತಾರೀಖು, ಸದಸ್ಯರ ಹೆಸರು ಇವನ್ನು ಕೆತ್ತಿದ ಫಲಕವಿರಬೇಕೆಂದು ನಿಯಮವಿದೆ.

ಕೆಲವು ಕಾಲದ ಹಿಂದೆ ನಾವು ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ಬಸ್ಸಿಗಾಗಿ ಕಾದು ಕುಳಿತಿದ್ದೆವು. ತಂಗುದಾಣದ ಗೋಡೆಯಲ್ಲಿ ಅಂತಹ ಫಲಕವೊಂದಿದ್ದಿತು. ಮೇಲೆ ಸಿನಿಮಾದ ಭಿತ್ತಿಪತ್ರ ಅಂಟಿಸಿದ್ದರು. ತಾತನ ಜೊತೆ ಬಂದಿದ್ದ ಹುಡುಗನೊಬ್ಬ ಹೊತ್ತು ಹೋಗದೆ ಆ ಕಾಗದವನ್ನು ಉಗುರಿನಿಂದ ಕೆರೆಯುತ್ತಿದ್ದನು. ಅಕ್ಷರಗಳು ಒಂದೊಂದಾಗಿ ಹೊರಬಂದುವು.

"ಎಷ್ಟು ಅಂತ ಬರ್ದವ್ರೆ, ಓದ್ಲಾ ಮಗ" ಎಂದನು ಮುದುಕನು.

ಹುಡುಗನು ಅಂಕಿಯನ್ನು ಕೂಡಿಸಿಕೊಂಡು ಓದಿದನು. ಮುದುಕನು ತಲೆಯೆತ್ತಿ ತಾರಸಿಯನ್ನು ನೋಡಿದನು, ಕಂಬಗಳನ್ನು ಎಣಿಸಿದನು, ಬಳಿಕ ಕೈಯಿಂದ ಕಟ್ಟೆಯನ್ನು ಒಂದು ಸಲ ತಟ್ಟಿ ನೋಡಿ, "ಮುಗ್ಸಿದ್ ತಾರೀಕು ಯಾವತ್ತಂತೆ, ಅದ್ನೂ ಓದು" ಎಂದನು. ಅಷ್ಟರಲ್ಲಿ ಬಸ್ಸು ಬಂದಿತು.