‘ಮಾತಾಡಾಕತ್ತಾನ, ಉಳಿತಾನ ಬಿಡ್ರಿ’

ಹುಬ್ಬಳ್ಳಿ-ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ‘ಎಣ್ಣಿ’ ಎನ್ನುತ್ತಾರೆ. ಯಾರೋ ಎಣ್ಣಿ ಕುಡಿದರೆಂಬ ಸುದ್ದಿ ಹಬ್ಬಿತೆಂದರೆ ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಗಾಡಿಗಳು ಹೆಚ್ಚಾಗಿ ಮುಖ ಮಾಡುವುದು ವಿದ್ಯಾನಗರದ ಕಿಮ್ಸ್ ಕಡೆಗೆ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಶುರುವಾದ ಆಸ್ಪತ್ರೆ ಅದು. ಇಂಥ ಆಸ್ಪತ್ರೆಗಳ ತುರ್ತು ಚಿಕಿತ್ಸಾ ಘಟಕದ ಹೊರಗೆ ನಿಂತ ನೆಂಟರು ವೈದ್ಯರಿಗಿಂತ ಮೊದಲೇ ತೀರ್ಪು ಕೊಟ್ಟಿರುತ್ತಾರೆ. ಮಾತಾಡುತ್ತಿದ್ದರೆ ‘ಉಳಿತಾನ’. ಬಾಯಲ್ಲಿ ಬುರುಗು ಬಂದಿದ್ದರೆ ‘ಮುಗೀತು’. ಎರಡೂ ತಪ್ಪಾಗಬಹುದು, ಮೊದಲನೆಯದು ಹೆಚ್ಚು ಅಪಾಯಕಾರಿ.

ಬುರುಗಿನ ಮಾತು ಮೊದಲು ಮುಗಿಸೋಣ. ನರದಿಂದ ಸ್ನಾಯುವಿಗೆ, ಗ್ರಂಥಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕೆಲಸ ಮುಗಿದೊಡನೆ ಒಡೆದುಹೋಗಬೇಕು. ಅದನ್ನು ಒಡೆಯುವ ಕಿಣ್ವವನ್ನು ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು ಕಟ್ಟಿಹಾಕುತ್ತವೆ. ಆಗ ಜೊಲ್ಲು, ಬೆವರು, ಕಣ್ಣೀರು ನಿಲ್ಲದೆ ಸುರಿಯುತ್ತವೆ, ಶ್ವಾಸನಾಳದಲ್ಲೂ ನೀರು ತುಂಬುತ್ತದೆ. ಬುರುಗು ಅಲ್ಲಿಯದು. ಅದನ್ನು ಒಣಗಿಸಲೆಂದೇ ಆಟ್ರೊಪಿನ್ ಇದೆ. ಎದೆಯ ಗೊರಗೊರ ಸದ್ದು ಅಡಗುವವರೆಗೆ ಕೆಲವೇ ನಿಮಿಷಕ್ಕೊಮ್ಮೆ ಡೋಸನ್ನು ದುಪ್ಪಟ್ಟು ಮಾಡುತ್ತ ಹೋಗುತ್ತಾರೆ. ಬುರುಗಿನೊಂದಿಗೆ ಬಂದವರು ನಡೆದುಕೊಂಡು ಮನೆಗೆ ಹೋದದ್ದುಂಟು.

ಆಟ್ರೊಪಿನ್ ಹೆಚ್ಚಾದಾಗ ರೋಗಿ ಚಾದರ ಎಳೆಯುತ್ತಾನೆ, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಾನೆ, ಬಡಬಡಿಸುತ್ತಾನೆ. ‘ಇಸಾ ತಲಿಗೇರಿತು’ ಎಂದು ಮನೆಯವರು ಅಳಲು ಶುರುಮಾಡುತ್ತಾರೆ. ಅದು ಔಷಧದ ಪರಿಣಾಮ. ಡೋಸು ಇಳಿಸಿದರೆ ಇಳಿಯುತ್ತದೆ.

ಇನ್ನು ಮಾತಾಡುತ್ತಿರುವವನ ವಿಷಯ. ಕೆಲವು ಕೀಟನಾಶಕಗಳು ಯಕೃತ್ತಿನಲ್ಲಿ ರೂಪಾಂತರಗೊಂಡ ಮೇಲಷ್ಟೇ ಪೂರ್ಣ ವಿಷವಾಗುತ್ತವೆ. ಕೆಲವು ಕೊಬ್ಬಿನಲ್ಲಿ ಅಡಗಿ ಕುಳಿತು ನಿಧಾನವಾಗಿ ರಕ್ತಕ್ಕೆ ಇಳಿಯುತ್ತವೆ. ಮೊದಲ ತಾಸುಗಳಲ್ಲಿ ಚಹಾ ಕೇಳಿದವನು ಮರುದಿನ ಉಸಿರಿಗೆ ಒದ್ದಾಡುವುದು ಹೀಗೆ. ಇದಕ್ಕಿಂತ ಮೋಸದ ಘಟ್ಟ ಇನ್ನೊಂದಿದೆ. ಅದನ್ನು 1987ರಲ್ಲಿ ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಲ್ಲಿಯೆಡ್ಡೆ ವಿವರಿಸಿದರು. ಮೊದಲ ಆಘಾತ ತಣ್ಣಗಾಗಿ, ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ, ವಿಷ ಸೇರಿದ 24ರಿಂದ 96 ತಾಸುಗಳೊಳಗೆ ಕತ್ತಿನ, ತೋಳಿನ ಮೇಲ್ಭಾಗದ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಮೊದಲು ಸೋಲುವುದು ಬಹುಮಟ್ಟಿಗೆ ಕತ್ತು. ಅದಕ್ಕೇ ವಾರ್ಡಿನಲ್ಲಿ ‘ದಿಂಬಿನಿಂದ ತಲಿ ಎತ್ರಿ ನೋಡೋಣ’ ಎಂದು ಮತ್ತೆ ಮತ್ತೆ ಕೇಳುವುದು. ಮನೆಯವರಿಗೆ ಅದು ಕಾಟವಾಗಿ ಕಾಣಬಹುದು. ಯಂತ್ರವಿಲ್ಲದ ಈ ಪರೀಕ್ಷೆಯ ಬೆಲೆ ಗೊತ್ತಿದ್ದರೆ ‘ಎರಡನೇ ದಿನಕ್ಕ ಆರಾಮಾದ, ಡಿಸ್ಚಾರ್ಜ್ ಮಾಡ್ರಿ’ ಎಂದು ಯಾರೂ ಜಗಳ ತೆಗೆಯುತ್ತಿರಲಿಲ್ಲ.

ಹಾಗಾದರೆ ವೈದ್ಯರು ಮುಂದಿನದನ್ನು ಅಂದಾಜಿಸುವುದು ಯಾವುದರಿಂದ? ಎಣಿಸಬಹುದಾದ ಲಕ್ಷಣಗಳಿಂದ. ಶ್ರೀಲಂಕಾದ ಪೆರಾದೇನಿಯಾದಲ್ಲಿ 1993ರಲ್ಲಿ ರೂಪುಗೊಂಡ ಅಳತೆಗೋಲಿನಲ್ಲಿ ಕಣ್ಣಿನ ಪಾಪೆ, ಉಸಿರಿನ ವೇಗ, ನಾಡಿ, ಸ್ನಾಯುಗಳ ಅದುರು, ಎಚ್ಚರ ಮತ್ತು ಫಿಟ್ಸ್‌ಗೆ ಅಂಕಗಳಿವೆ. ಒಟ್ಟು 11. ಮೂರರವರೆಗೆ ಸೌಮ್ಯ, ಎಂಟು ಮುಟ್ಟಿದರೆ ತೀವ್ರ. ಎಚ್ಚರದ ಮಟ್ಟ ಎಣಿಸುವ ಗ್ಲಾಸ್ಗೋ ಕೋಮಾ ಅಳತೆಯೂ ನೆರವಾಗುತ್ತದೆ. 15ಕ್ಕೆ 13 ಅಥವಾ ಅದಕ್ಕಿಂತ ಕಡಿಮೆ ಬಂದವರ ಮೇಲೆ ಕಣ್ಣಿಟ್ಟಿರುತ್ತಾರೆ. ಜೊತೆಗೆ ಸೆರೆ ಕುಡಿದಿದ್ದರೆ ಈ ಅಂಕ ದಾರಿ ತಪ್ಪಿಸುತ್ತದೆ. ಒಮ್ಮೆ ಬರೆದ ಅಂಕ ಜಾತಕವೂ ಅಲ್ಲ, ಮತ್ತೆ ಮತ್ತೆ ಎಣಿಸಬೇಕು. ಶ್ರೀಲಂಕಾದಲ್ಲೇ ನಿಧಾನ ವಿಷವೊಂದನ್ನು ಸೇವಿಸಿದ ಅನೇಕರು, ಬಂದಾಗ ಸೌಮ್ಯ ಗುಂಪಿನಲ್ಲಿದ್ದೂ ತೀರಿಕೊಂಡರು.

ರಕ್ತದ ಕೋಲಿನೆಸ್ಟರೇಸ್ ರಿಪೋರ್ಟನ್ನು ಕೈಯಲ್ಲಿ ಹಿಡಿದು ‘ಇಷ್ಟ್ ಕಮ್ಮಿ ಐತಿ, ಉಳಿಯಂಗಿಲ್ಲ’ ಎನ್ನುವವರೂ ಇದ್ದಾರೆ. ಕೆಲವು ರಾಸಾಯನಿಕಗಳು ರಕ್ತದ ಕಿಣ್ವವನ್ನು ನೆಲಕಚ್ಚಿಸಿದರೂ ನರಗಳನ್ನು ಅಷ್ಟು ಬಾಧಿಸುವುದಿಲ್ಲ. ವಿಷ ಸೇರಿದೆ ಎಂದು ಖಚಿತಪಡಿಸಲು ಆ ಸಂಖ್ಯೆ ಸಾಕು, ಭವಿಷ್ಯ ಹೇಳಲು ಸಾಲದು.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣದ ಕಥೆಯೂ ಅಷ್ಟೇ. ಕೆಂಪು, ಹಳದಿ, ನೀಲಿ, ಹಸಿರು ಎಂಬ ವಿಂಗಡಣೆ ನಿಂತಿರುವುದು ಪ್ರಯೋಗಾಲಯದ ಪ್ರಾಣಿಗಳ ಲೆಕ್ಕದ ಮೇಲೆ. ಅದು ಚಿಕಿತ್ಸೆ ಪಡೆದ ಮನುಷ್ಯನ ಲೆಕ್ಕವಲ್ಲ. 2005ರಲ್ಲಿ ಪ್ರಕಟವಾದ ಶ್ರೀಲಂಕಾದ ಅಧ್ಯಯನವೊಂದು 802 ರೋಗಿಗಳನ್ನು ನೋಡಿತು. ವಿಷತ್ವದ ಪಟ್ಟಿಯಲ್ಲಿ ಹತ್ತಿರ ಹತ್ತಿರವೇ ಇದ್ದ ಎರಡು ಕೀಟನಾಶಕಗಳಲ್ಲಿ ಒಂದರಿಂದ ಸತ್ತವರು ನೂರಕ್ಕೆ 8, ಇನ್ನೊಂದರಿಂದ 23. ಹೆಸರುಗಳನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ, ಅವು ಬೇಕಾದದ್ದು ವೈದ್ಯರಿಗೆ. ಅದಕ್ಕೇ ಡಬ್ಬಿಯನ್ನು, ಇಲ್ಲವೇ ಅದರ ಲೇಬಲ್ಲಿನ ಫೋಟೋವನ್ನಾದರೂ ತರಬೇಕು. ‘ಕಸಕ್ಕ ಹೊಡಿಯೋದು, ಮನಷ್ಯಾಗ ಏನಾಗಂಗಿಲ್ಲ’ ಎಂಬ ಮಾತನ್ನಂತೂ ಯಾರೂ ನಂಬಬಾರದು. ಕೆಲವು ಕಳೆನಾಶಕಗಳಲ್ಲಿ ಪ್ರಜ್ಞೆ ಪೂರ್ತಿ ಇದ್ದೂ ಕಿಡ್ನಿ, ಶ್ವಾಸಕೋಶ ದಿನಗಳ ಮೇಲೆ ಹಾಳಾಗುತ್ತವೆ.

ಹಳ್ಳಿಯಲ್ಲೇ ಉಪ್ಪಿನ ನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ಡಬ್ಬಿಯಲ್ಲಿರುವ ದ್ರಾವಕ ಶ್ವಾಸಕೋಶಕ್ಕೆ ಇಳಿದರೆ ಎರಡನೇ ಕಾಯಿಲೆ ಶುರು. ಹೊಟ್ಟೆ ತೊಳೆಯುವುದರಿಂದ ಕೂಡ ಒಂದು ತಾಸು ದಾಟಿದ ಮೇಲೆ ಸಿಗುವ ಲಾಭ ಅಲ್ಪ. ಬಟ್ಟೆ ತೆಗೆದು, ಮೈ ಸೋಪಿನಲ್ಲಿ ತೊಳೆದು, ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿದರೆ ಸಾಕು.

‘ವೆಂಟಿಲೇಟರ್ ಹಾಕಿದ್ರ ಮುಗೀತು’ ಎಂದು ರೋಗಿಯನ್ನು ಬಿಡಿಸಿಕೊಂಡು ಹೋಗುವವರಿದ್ದಾರಲ್ಲ, ಅವರ ಬಗ್ಗೆ ನನಗೆ ಸಿಟ್ಟಿಗಿಂತ ಸಂಕಟ. ದಿನದಿನದ ಬಿಲ್ಲಿನ ಭಯ ಸುಳ್ಳಲ್ಲ. ಆದರೆ ಈ ವಿಷದಲ್ಲಿ ಸೋತ ಸ್ನಾಯುಗಳು ಬಹಳಷ್ಟು ಸಲ ಒಂದೆರಡು ವಾರದಲ್ಲಿ ಎಚ್ಚರಗೊಳ್ಳುತ್ತವೆ, ಅಲ್ಲಿಯವರೆಗೆ ಉಸಿರಾಡಿಸುವುದಷ್ಟೇ ಯಂತ್ರದ ಕೆಲಸ.

ಅಂದಾಜನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಪೊಲೀಸರ ಹೆದರಿಕೆ. ‘ಎಣ್ಣಿ ಹೊಡೆಯುವಾಗ ಗಾಳಿಗೆ ಬಂತು’, ‘ಈಗಷ್ಟೇ ಆತು’ ಎಂಬ ಸುಳ್ಳು ಕೇಳಿದ ವೈದ್ಯರ ಗಡಿಯಾರವೇ ತಪ್ಪುತ್ತದೆ. ಆಸ್ಪತ್ರೆ ಎಂಎಲ್‌ಸಿ ಎಂಬ ವೈದ್ಯಕೀಯ-ಕಾನೂನು ದಾಖಲೆ ಬರೆಯುತ್ತದೆ, ಹೌದು. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ. ಯತ್ನಿಸಿದವರನ್ನು ಶಿಕ್ಷಿಸುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ, 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ. ಮನೆಗೆ ಹೋಗುವ ಮೊದಲು ಮನೋವೈದ್ಯರನ್ನು ಕಾಣಬೇಕು. ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್‌ನವರು ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.