ಮೆಂತ್ಯವೂ ಮಧುಮೇಹವೂ

ಒಗ್ಗರಣೆಗೆ ನಾಲ್ಕು ಕಾಳು, ದೋಸೆಯ ಅಕ್ಕಿಯೊಡನೆ ನೆನೆಹಾಕಲು ಒಂದು ಚಮಚ, ಉಪ್ಪಿನಕಾಯಿಗೆ ಹುರಿದ ಪುಡಿ—ನಮ್ಮ ಅಡುಗೆಮನೆಯಲ್ಲಿ ಮೆಂತ್ಯಕ್ಕಿರುವ ಸ್ಥಾನ ಇಷ್ಟೇ. ಆದರೆ ಮನೆಯಲ್ಲಿ ಒಬ್ಬರಿಗೆ ಸಿಹಿಮೂತ್ರರೋಗವಿದೆಯೆಂದು ತಿಳಿದೊಡನೆ ಈ ಕಹಿ ಕಾಳಿಗೆ ಎಲ್ಲಿಲ್ಲದ ಮಹತ್ವ ಬರುತ್ತದೆ. “ರಾತ್ರಿ ನೆನೆಹಾಕಿ ಬೆಳಿಗ್ಗೆ ಆ ನೀರು ಕುಡಿಯಿರಿ, ಗುಳಿಗೆಯ ಗೊಡವೆಯೇ ಬೇಡ” ಎನ್ನುವ ಹಿತೈಷಿಗಳಿಗೆ ಕೊರತೆಯಿಲ್ಲ. ಈ ಮಾತಿನಲ್ಲಿ ನಿಜವೆಷ್ಟು, ಅಪಾಯವೆಷ್ಟು ಎಂಬುದನ್ನು ವಿಚಾರಿಸೋಣ.

ನೆನೆದ ಮೆಂತ್ಯ ಲೋಳೆ ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಅದರ ಗುಣವಿರುವುದು ಬಹುಮಟ್ಟಿಗೆ ಈ ಲೋಳೆಯಲ್ಲಿಯೇ. ಇದು ಗ್ಯಾಲಕ್ಟೋಮನ್ನಾನ್ ಎಂಬ ನಾರು. ಹೊಟ್ಟೆಗೆ ಹೋದ ಆಹಾರವನ್ನು ಇದು ಮಂದವಾಗಿಸುತ್ತದೆ. ಅನ್ನ, ರೊಟ್ಟಿಗಳಿಂದ ಹುಟ್ಟಿದ ಸಕ್ಕರೆ ಆಗ ರಕ್ತಕ್ಕೆ ಒಮ್ಮೆಲೇ ನುಗ್ಗದೆ ನಿಧಾನವಾಗಿ ಸೇರುತ್ತದೆ. ಇದಲ್ಲದೆ, ೪-ಹೈಡ್ರಾಕ್ಸಿ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲವೂ ಕಾಳಿನಲ್ಲಿದೆ. ಮೇದೋಜೀರಕ ಗ್ರಂಥಿಯ ಜೀವಕೋಶಗಳು ಇನ್ಸುಲಿನ್ ಸ್ರವಿಸುವಂತೆ ಅದು ಪ್ರಚೋದಿಸುವುದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ೧೯೯೦ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಇನ್ಸುಲಿನ್ ಇಲ್ಲದೆ ಬದುಕಲಾರದ ರೋಗಿಗಳಿಗೆ ಜಿಡ್ಡು ತೆಗೆದ ಮೆಂತ್ಯದ ಪುಡಿಯನ್ನು ೧೦ ದಿನ ಎರಡೂ ಹೊತ್ತಿನ ಊಟದಲ್ಲಿ ಸೇರಿಸಿ ಕೊಡಲಾಗಿತ್ತು. ಮೂತ್ರದಲ್ಲಿ ಹೋಗುತ್ತಿದ್ದ ಸಕ್ಕರೆ ನೂರಕ್ಕೆ ೫೪ರಷ್ಟು ಇಳಿಯಿತು. ಆದರೆ ಪುಡಿಯ ಪ್ರಮಾಣ? ದಿನಕ್ಕೆ ೧೦೦ ಗ್ರಾಂ! ನಮ್ಮ ಒಂದು ಚಹಾ ಚಮಚದ ಕಾಳು ತೂಗುವುದು ಸುಮಾರು ೪ ಗ್ರಾಂ ಮಾತ್ರ. ಇನ್ನೂ ಕಡಿಮೆ ಪ್ರಮಾಣ ಕೊಟ್ಟ ಮುಂದಿನ ಕೆಲವು ಪರೀಕ್ಷೆಗಳಲ್ಲಿಯೂ ಗುಣ ಕಂಡಿದೆ. ಆದರೆ ಅವುಗಳಲ್ಲಿ ಹೆಚ್ಚಿನವು ಚಿಕ್ಕವು, ಫಲವೂ ಒಂದೇ ತೆರನಾಗಿಲ್ಲ. ಒಗ್ಗರಣೆಯ ನಾಲ್ಕು ಕಾಳಿನಿಂದ ರುಚಿ ಬರಬಹುದು, ರೋಗ ಹೋಗದು.

ಹಾಗಾದರೆ ಮಾಡಬೇಕಾದುದೇನು? ನೀರನ್ನಷ್ಟೇ ಕುಡಿದು ಕಾಳನ್ನು ಚೆಲ್ಲಿದರೆ ನಾರಿನ ಬಹುಪಾಲು ಚೆಲ್ಲಿದಂತೆಯೇ. ನೆನೆದ ಕಾಳನ್ನು ಊಟದೊಡನೆ ಅಗಿದು ತಿನ್ನುವುದು ಲೇಸು. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೆಂತ್ಯವನ್ನು ಹೆಚ್ಚಾಗಿ ತಿಂದರೆ ರಕ್ತದ ಸಕ್ಕರೆ ಅತಿಯಾಗಿ ಇಳಿದು ಬೆವರು, ನಡುಕ, ತಲೆಸುತ್ತು ಬರುವ ಸಂಭವವುಂಟು. ಆದುದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು. ಗರ್ಭಿಣಿಯರು ಇದನ್ನು ಔಷಧದ ಪ್ರಮಾಣದಲ್ಲಿ ತಿನ್ನಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಮೆಂತ್ಯವನ್ನು ಕೊಟ್ಟದ್ದು ಊಟದ ಭಾಗವಾಗಿ, ಇನ್ಸುಲಿನ್ನಿಗೆ ಬದಲಾಗಿ ಅಲ್ಲ. ಅಂಥ ರೋಗಿ ಕಾಳನ್ನು ನಂಬಿ ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೇ ಕುತ್ತು ಬಂದೀತು. ಮೆಂತ್ಯ ತಟ್ಟೆಯಲ್ಲಿರಲಿ, ಔಷಧವೂ ತಪ್ಪದಿರಲಿ.